ಬೋಲ್ಟಿನ ಕುಲಗೋತ್ರ

ಹಳೆಯ ಕಾರೊಂದಕ್ಕೆ ಮತ್ತೆ ಜೀವ ತುಂಬಲು ಹೊರಟವರ ಉತ್ಸಾಹವೆಲ್ಲ ಮೊದಮೊದಲು ಕಣ್ಣಿಗೆ ಕಾಣುವ ವಸ್ತುಗಳ ಕಡೆಗೇ ಹರಿಯುತ್ತದೆ. ಮೂಲದಲ್ಲಿದ್ದ ಬಣ್ಣ ಯಾವುದು, ಆಸನದ ಚರ್ಮ ಎಂತಹುದು, ಮುಂದೀಪದ ಗಾಜು ಎಲ್ಲಿ ದೊರೆತೀತು, ರೇಡಿಯೇಟರಿನ ನೆತ್ತಿಯ ಮೇಲಿದ್ದ ಲಾಂಛನ ಯಾರ ಪಾಲಾಯಿತು—ಇವೇ ಮಾತು. ಬೋಲ್ಟಿನ ವಿಚಾರವನ್ನು ಯಾರೂ ಎತ್ತುವುದಿಲ್ಲ. ಬೋಲ್ಟು ಎಂದರೆ ಬೋಲ್ಟು. ಕಬ್ಬಿಣದ ಅಂಗಡಿಗೆ ಹೋಗಿ ಕೇಳಿದರೆ ತೂಗಿ ಕೊಡುತ್ತಾರೆ ಎಂದು ಎಲ್ಲರ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು. ಮೈಸೂರಿನ ಸ್ನೇಹಿತರೊಬ್ಬರ ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದು ಮಧ್ಯಾಹ್ನ ಕಳೆದ ಮೇಲೆ ಅದು ಬಿಟ್ಟುಹೋಯಿತು.

ಆ ಕೊಟ್ಟಿಗೆಯಲ್ಲಿದ್ದುದು ಒಂದು ಹಿಂದುಸ್ಥಾನ್ ಟೆನ್. ಅಂಬಾಸಡರಿಗೂ ಲ್ಯಾಂಡ್‌ಮಾಸ್ಟರಿಗೂ ಮುಂಚೆ ಹಿಂದುಸ್ಥಾನ್ ಮೋಟರ್ಸಿನವರು ಇಂಗ್ಲೆಂಡಿನ ಮಾರಿಸ್ ಟೆನ್ ಕಾರಿನ ಮಾದರಿಯಲ್ಲಿ ಹೊರತಂದ ಪುಟ್ಟ ಕಾರು ಅದು. ಇಂದಿನ ತಲೆಮಾರಿನವರು ಅದರ ಹೆಸರನ್ನೂ ಕೇಳಿರಲಾರರು. ಸ್ನೇಹಿತರ ತಂದೆಯವರು ಅದನ್ನು ಬಹುಕಾಲ ಓಡಿಸಿ, ಕೊನೆಗೆ ತಾಡಪಾಲು ಹೊದಿಸಿ ಮಲಗಿಸಿದ್ದರು. ಮಗ ತಮ್ಮ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಅದಕ್ಕೆಂದು ಮೀಸಲಿಟ್ಟು ಎಂಜಿನ್ನನ್ನು ಬಿಚ್ಚಿಸಿದ್ದರು. ಬಿಚ್ಚಿದವನು ಚುರುಕು ಹುಡುಗ, ಕೆಲಸವೂ ಅಚ್ಚುಕಟ್ಟು. ಆ ಅಚ್ಚುಕಟ್ಟೇ ಮುಳುವಾಯಿತು. ತುಕ್ಕು ಹಿಡಿದ ಬೋಲ್ಟು ನಟ್ಟುಗಳನ್ನೆಲ್ಲ ಗುಡಿಸಿ ಒಂದು ಬುಟ್ಟಿಗೆ ತುಂಬಿ ಗುಜರಿಯವನಿಗೆ ಕೊಟ್ಟುಬಿಟ್ಟಿದ್ದ. “ಎಲ್ಲಾ ಹೊಸದೇ ಹಾಕೋಣ ಸಾರ್” ಎಂದು ಅವನ ಅಭಯವಚನ.

ಮರುಜೋಡಣೆಯ ದಿನ ನಾನೂ ಅಲ್ಲಿದ್ದೆ. ಎಂಜಿನ್ನಿನ ಮುಂಭಾಗದ ಮುಚ್ಚಳಕ್ಕೆ ಮೊದಲನೆಯ ಬೋಲ್ಟನ್ನು ಕೂರಿಸಹೊರಟಾಗಲೇ ತೊಡಕು ಕಂಡಿತು. ೫/೧೬ ಅಂಗುಲದ ಹೊಸ ಬೋಲ್ಟು ಎರಡು ಸುತ್ತು ಸಲೀಸಾಗಿ ಹೋಗಿ, ಹಲ್ಲು ಕಚ್ಚಿಕೊಂಡು ನಿಂತಿತು. ೮ ಮಿಲಿಮೀಟರಿನದನ್ನು ಹಿಡಿದರೆ ಅದು ಒಂದು ಸುತ್ತನ್ನೂ ಮುಗಿಸಲಿಲ್ಲ. ಬುಟ್ಟಿಯಿಂದ ತಪ್ಪಿಸಿಕೊಂಡು ನೆಲದ ಬಿರುಕಿನಲ್ಲಿ ಉಳಿದಿದ್ದ ಒಂದು ಹಳೆಯ ಬೋಲ್ಟನ್ನು ಎತ್ತಿ ಅದರ ತಲೆಗೆ ಸ್ಪ್ಯಾನರುಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆವು. ವಿಟ್ವರ್ತ್ ಅಳತೆಯ ಕಾಲಂಗುಲದ ಸ್ಪ್ಯಾನರು ಹೇಳಿ ಮಾಡಿಸಿದಂತೆ ಕುಳಿತಿತು. ಹಾಗಾದರೆ ವಿಟ್ವರ್ತ್ ಬೋಲ್ಟೇ ಇರಬೇಕಷ್ಟೆ? ವಿಟ್ವರ್ತ್ ನಟ್ಟು ತಂದು ತಿರುಗಿಸಿದರೆ ಅದೂ ಒಲ್ಲೆನೆಂದಿತು. ತಲೆ ಇಂಗ್ಲಿಷರದು, ಮೈ ಯಾರದೋ!

ಈ ಒಗಟಿಗೆ ಉತ್ತರವಿರುವುದು ಮೋಟಾರಿನ ಕೈಪಿಡಿಯಲ್ಲಲ್ಲ, ಮೊದಲನೆಯ ಮಹಾಯುದ್ಧದ ಚರಿತ್ರೆಯಲ್ಲಿ. ಪ್ಯಾರಿಸಿನ ಹೊರವಲಯದ ಸೇಂಟ್ ಡೆನಿಸ್‌ನಲ್ಲಿ ಹಾಚ್‌ಕಿಸ್ ಎಂಬ ಕಂಪನಿ ಇತ್ತು. ಅದನ್ನು ಸ್ಥಾಪಿಸಿದವನು ಬೆಂಜಮಿನ್ ಹಾಚ್‌ಕಿಸ್ ಎಂಬ ಅಮೆರಿಕನ್. ತಯಾರಾಗುತ್ತಿದ್ದುದು ಮೆಷಿನ್‌ಗನ್ನು ಮತ್ತು ಮೋಟಾರು ಕಾರು. ೧೯೧೪ರಲ್ಲಿ ಜರ್ಮನ್ ಸೈನ್ಯ ಪ್ಯಾರಿಸಿನ ಬಾಗಿಲಿಗೆ ಬಂದಾಗ ಕಾರ್ಖಾನೆ ಶತ್ರುವಿನ ಕೈಸೇರೀತೆಂಬ ಭೀತಿ ಹುಟ್ಟಿತು. ಯುದ್ಧದ ದಿನಗಳಲ್ಲಿಯೇ ಕಂಪನಿಯು ಇಂಗ್ಲೆಂಡಿನ ಕವೆಂಟ್ರಿಯಲ್ಲಿ, ಗಾಸ್‌ಫರ್ಡ್ ರಸ್ತೆಯಲ್ಲಿ, ಇನ್ನೊಂದು ಕಾರ್ಖಾನೆಯನ್ನು ತೆರೆದು ಅಲ್ಲಿಯೂ ಮೆಷಿನ್‌ಗನ್ನುಗಳನ್ನು ತಯಾರಿಸತೊಡಗಿತು. ಫ್ರೆಂಚರ ಯಂತ್ರಗಳು, ಫ್ರೆಂಚರ ಅಳತೆಗಳು, ಫ್ರೆಂಚರ ಟ್ಯಾಪು ಡೈಗಳು ಅದರೊಡನೆ ಕಡಲು ದಾಟಿ ಬಂದುವು. ಇವೆಲ್ಲ ಮಿಲಿಮೀಟರಿನ ಲೆಕ್ಕದವು.

ಯುದ್ಧ ಮುಗಿಯಿತು, ಮೆಷಿನ್‌ಗನ್ನಿಗೆ ಗಿರಾಕಿಗಳಿಲ್ಲವಾದರು. ಅತ್ತ ಆಕ್ಸ್‌ಫರ್ಡಿನ ಕೌಲಿಯಲ್ಲಿ ವಿಲಿಯಂ ಮಾರಿಸನಿಗೆ ಎಂಜಿನ್ನಿನ ಕೊರತೆ. ಯುದ್ಧಕಾಲದಲ್ಲಿ ಅವನು ತನ್ನ ಕಾರುಗಳಿಗೆ ಅಮೆರಿಕದ ಕಾಂಟಿನೆಂಟಲ್ ಕಂಪನಿಯ ಎಂಜಿನ್ನನ್ನು ತರಿಸಿ ಹಾಕುತ್ತಿದ್ದ. ಆ ಎಂಜಿನ್ನಿನ ತಯಾರಿಕೆ ಅಲ್ಲಿ ನಿಂತುಹೋಯಿತು. ಅದನ್ನೇ ತದ್ರೂಪವಾಗಿ ಮಾಡಿಕೊಡಬೇಕೆಂದು ಕವೆಂಟ್ರಿಯ ಹಾಚ್‌ಕಿಸ್‌ನವರೊಡನೆ ಒಪ್ಪಂದವಾಯಿತು. ಎಂಜಿನ್ನು ಅಮೆರಿಕದ್ದು, ಯಂತ್ರಗಳು ಫ್ರಾನ್ಸಿನವು, ಕೆಲಸಗಾರರು ಇಂಗ್ಲಿಷರು. ಬೋಲ್ಟುಗಳನ್ನು ಏನು ಮಾಡುವುದು? ಇದ್ದ ಟ್ಯಾಪು ಡೈಗಳನ್ನೆಲ್ಲ ಎಸೆದು ಹೊಸದನ್ನು ಕೊಳ್ಳುವ ಖರ್ಚು ಯಾರಿಗೂ ಬೇಡವಾಗಿತ್ತು. ಆದುದರಿಂದ ಥ್ರೆಡ್ಡು ಮಿಲಿಮೀಟರಿನದೇ ಆಗಿ ಉಳಿಯಿತು. ಆದರೆ ಇಂಗ್ಲೆಂಡಿನ ಹಳ್ಳಿಯ ರಿಪೇರಿಗಾರನ ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರುಗಳೆಲ್ಲ ವಿಟ್ವರ್ತ್ ಅಳತೆಯವು. ಅವನಿಗೆ ತೊಂದರೆಯಾಗದಿರಲೆಂದು ಬೋಲ್ಟಿನ ತಲೆಯನ್ನು ಮಾತ್ರ ವಿಟ್ವರ್ತ್ ಅಳತೆಗೆ ಮಾಡಿದರು. ಫ್ರೆಂಚ್ ಮೈಯ ಮೇಲೆ ಇಂಗ್ಲಿಷ್ ತಲೆಯ ಸಂತಾನ ಹುಟ್ಟಿದುದು ಹೀಗೆ.

೧೯೨೩ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡುಕೊಂಡ. ಅದು ಮಾರಿಸ್ ಎಂಜಿನ್ಸ್ ಆಯಿತು. ಆದರೂ ಪದ್ಧತಿ ಬದಲಾಗಲಿಲ್ಲ. ಇದೇ ನನಗೆ ಅತ್ಯಂತ ಸೋಜಿಗವಾಗಿ ತೋರುವ ಸಂಗತಿ. ಫ್ರೆಂಚರು ಬಿಟ್ಟುಹೋಗಿ ಹದಿನೈದು ವರ್ಷಗಳಾದ ಮೇಲೆ, ೧೯೩೦ರ ದಶಕದ ಕೊನೆಯಲ್ಲಿ, ಹೊಸದಾಗಿ ಬಿಳಿಯ ಕಾಗದದ ಮೇಲೆ ಗೆರೆ ಎಳೆದು ಮಾರಿಸ್ ಟೆನ್ ಕಾರಿಗೊಂದು ಎಂಜಿನ್ನನ್ನು ರೂಪಿಸಿದಾಗಲೂ ಕವೆಂಟ್ರಿಯವರು ಹಳೆಯ ಫ್ರೆಂಚ್ ಥ್ರೆಡ್ಡನ್ನೇ ಬಳಸಿದರು. ಮನೆಗೆ ಬಂದ ಸೊಸೆ ತವರಿನ ಅಡುಗೆಯ ಹದವನ್ನು ಮೊಮ್ಮಕ್ಕಳ ಕಾಲದವರೆಗೂ ಬಿಡದಿರುವಂತೆ! ೧,೧೪೦ ಸಿ.ಸಿ.ಯ ಆ ಎಂಜಿನ್ನೇ ಮುಂದೆ ೧,೨೫೦ ಸಿ.ಸಿ.ಗೆ ಬೆಳೆದು ಎಂ.ಜಿ. ಟಿ.ಸಿ., ಟಿ.ಡಿ. ಎಂಬ ಎರಡು ಆಸನಗಳ ಸೊಗಸುಗಾರ ಕಾರುಗಳ ಎದೆಯಾಯಿತು. ೧೯೪೫ರಿಂದ ೧೯೪೯ರವರೆಗೆ ಟಿ.ಸಿ. ಸುಮಾರು ೧೦,೦೦೦ ತಯಾರಾದುವು, ಆಮೇಲಿನ ಟಿ.ಡಿ. ಹೆಚ್ಚುಕಡಿಮೆ ೩೦,೦೦೦. ಇವುಗಳಲ್ಲಿ ಅನೇಕವು ಅಮೆರಿಕಕ್ಕೆ ಹೋದುವು. ಅಲ್ಲಿಯ ಹವ್ಯಾಸಿಗಳು ತಮ್ಮ ಬೋಲ್ಟು ಯಾವುದೂ ಒಳಹೋಗದೆ ಬೇಸತ್ತು ಈ ಥ್ರೆಡ್ಡಿಗೆ ‘ಹುಚ್ಚು ಮೆಟ್ರಿಕ್’ ಎಂದು ಹೆಸರಿಟ್ಟರು. ಮೈಸೂರಿನ ಕೊಟ್ಟಿಗೆಯಲ್ಲಿ ನಮ್ಮನ್ನು ಸತಾಯಿಸಿದುದು ಅದೇ ಹುಚ್ಚಿನ ಹಿರಿಯ ಶಾಖೆ.

ಹುಚ್ಚಿನ ಲಕ್ಷಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಎಂಜಿನ್ನಿನ ಬಹುಪಾಲು ಸಣ್ಣ ಬೋಲ್ಟುಗಳ ದಪ್ಪ ೮ ಮಿಲಿಮೀಟರು; ಒಂದು ಏಣಿನಿಂದ ಮುಂದಿನ ಏಣಿಗೆ ೧ ಮಿಲಿಮೀಟರು ದೂರ. ಇಂದು ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಕ್ಕುವ ೮ ಮಿಲಿಮೀಟರಿನ ಬೋಲ್ಟಿನಲ್ಲಿ ಆ ದೂರ ೧.೨೫ ಮಿಲಿಮೀಟರು. ಒಂದರ ರಂಧ್ರಕ್ಕೆ ಇನ್ನೊಂದು ಹೋಗದು. ೫/೧೬ ಅಂಗುಲವೆಂದರೆ ೭.೯೪ ಮಿಲಿಮೀಟರು, ದಪ್ಪದಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅದರ ನಯವಾದ ಅಮೆರಿಕನ್ ಥ್ರೆಡ್ಡಿನಲ್ಲಿ ಅಂಗುಲಕ್ಕೆ ೨೪ ಏಣು. ಕವೆಂಟ್ರಿಯ ಥ್ರೆಡ್ಡಿನಲ್ಲಿ ೨೫ಕ್ಕೆ ತುಸು ಮೇಲೆ. ಈ ಅಲ್ಪ ಅಂತರದಿಂದಲೇ ಅದು ಎರಡು ಸುತ್ತು ಒಳಹೋಗಿ, ಸರಿಯಾದ ಬೋಲ್ಟೆಂದು ನಂಬಿಸಿ, ಆಮೇಲೆ ಕೈಕೊಡುತ್ತದೆ. ಪೂರ್ತಿ ಹೊಂದದ ಬೋಲ್ಟಿಗಿಂತ ಅರ್ಧ ಹೊಂದುವ ಬೋಲ್ಟು ಹೆಚ್ಚು ಅಪಾಯಕಾರಿ. ಮೊದಲನೆಯದನ್ನು ಎತ್ತಿ ಇಡುತ್ತೇವೆ. ಎರಡನೆಯದಕ್ಕೆ ಉದ್ದನೆಯ ಸ್ಪ್ಯಾನರು ಹಾಕಿ ಬಲ ಬಿಡುತ್ತೇವೆ. ತಲೆಯ ಅಗಲವಾದರೋ ೦.೫೨೫ ಅಂಗುಲ, ಎಂದರೆ ೧೩.೩ ಮಿಲಿಮೀಟರು. ಇಂದಿನ ೧೩ರ ಸ್ಪ್ಯಾನರು ಅದರ ಮೇಲೆ ಹತ್ತದು. ೧೪ರದು ಹತ್ತಿ ಮೂಲೆಗಳನ್ನು ಸವೆಸುತ್ತದೆ.

ಇಷ್ಟು ಬಗೆಯ ಅಳತೆಗಳೇಕೆ ಎಂದು ವಾಚಕರು ಕೇಳಬಹುದು. ಒಂದೇ ಅಳತೆ ಸಾಲದೆ? ಒಂದೇ ಅಳತೆ ಬೇಕೆಂದು ಮೊದಲು ಪಟ್ಟುಹಿಡಿದವನೇ ಜೋಸೆಫ್ ವಿಟ್ವರ್ತ್. ಅವನ ಕಾಲಕ್ಕೆ ಇಂಗ್ಲೆಂಡಿನ ಒಂದೊಂದು ಕಾರ್ಖಾನೆಯ ತಿರುಪೂ ಒಂದೊಂದು ಬಗೆ. ಒಬ್ಬನ ಬೋಲ್ಟು ಇನ್ನೊಬ್ಬನ ನಟ್ಟಿಗೆ ಹೊಂದುತ್ತಿರಲಿಲ್ಲ. ಅವನು ನಾನಾ ಕಡೆಯ ತಿರುಪುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, ಏಣಿನ ಕೋನ ೫೫ ಡಿಗ್ರಿ ಇರತಕ್ಕದ್ದೆಂದು ೧೮೪೧ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ತನ್ನ ಪದ್ಧತಿಯನ್ನು ಇಟ್ಟ. ಕ್ರೈಮಿಯದ ಯುದ್ಧದಲ್ಲಿ ತೊಂಬತ್ತು ತೋಪುದೋಣಿಗಳಿಗೆ ತುರ್ತಾಗಿ ಎಂಜಿನ್ನುಗಳು ಬೇಕಾದಾಗ, ಭಾಗಗಳನ್ನು ಹಲವಾರು ಕಾರ್ಖಾನೆಗಳಿಗೆ ಹಂಚಿ ಮಾಡಿಸಿ ಜೋಡಿಸಲು ಸಾಧ್ಯವಾದುದು ಈ ಏಕರೂಪತೆಯಿಂದಲೇ. ಆದರೆ ೧೮೬೪ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ೬೦ ಡಿಗ್ರಿಯ ಕೋನವೇ ಮಾಡಲು ಸುಲಭವೆಂದು ಬೇರೆಯ ದಾರಿ ಹಿಡಿದ. ಯೂರೋಪು ಖಂಡದವರು ಮೀಟರಿನ ದಾರಿ ಹಿಡಿದರು. ಇಂಗ್ಲೆಂಡಿನಲ್ಲಿಯೇ ಅದುರುವ ಯಂತ್ರಗಳಿಗೆ ವಿಟ್ವರ್ತ್ ಥ್ರೆಡ್ಡು ತೀರ ಒರಟಾಯಿತೆಂದು ನಯವಾದ ಬಿ.ಎಸ್.ಎಫ್. ಹುಟ್ಟಿತು, ಗಡಿಯಾರ, ವಿದ್ಯುದುಪಕರಣಗಳಂಥ ಸೂಕ್ಷ್ಮ ಕೆಲಸಕ್ಕೆಂದು ಬಿ.ಎ. ಹುಟ್ಟಿತು.

ಬಿ.ಎ.ಯ ಕಥೆ ಇನ್ನೂ ತಮಾಷೆಯದು. ಹೆಸರು ಬ್ರಿಟಿಷ್ ಅಸೋಸಿಯೇಷನ್ನಿನದು. ಆಧಾರ ಸ್ವಿಟ್ಸರ್ಲೆಂಡಿನ ಥ್ಯೂರಿ ಪದ್ಧತಿ. ಅದರ ಸೊನ್ನೆಯ ನಂಬರಿನ ತಿರುಪಿಗೆ ೬ ಮಿಲಿಮೀಟರು ದಪ್ಪ, ೧ ಮಿಲಿಮೀಟರು ದೂರ. ಮೀಟರನ್ನು ಮನೆಯೊಳಗೆ ಬಿಡೆವೆಂದು ಹಟ ಹಿಡಿದಿದ್ದ ಇಂಗ್ಲೆಂಡು ಅದನ್ನು ಹಿತ್ತಲ ಬಾಗಿಲಿನಿಂದ ಕರೆದುಕೊಂಡುಬಿಟ್ಟಿತ್ತು. ಆದರೆ ಕೋನ ೪೭½ ಡಿಗ್ರಿ. ಆದುದರಿಂದ ಇಂದಿನ ೬ ಮಿಲಿಮೀಟರಿನ ತಿರುಪು ಅಲ್ಲಿ ನೆಂಟನಂತೆ ಬಂದು ಕಳ್ಳನಂತೆ ಥ್ರೆಡ್ಡನ್ನು ತಿಂದುಹಾಕುತ್ತದೆ.

ಎರಡನೆಯ ಮಹಾಯುದ್ಧ ಈ ಜಾತಿಭೇದದ ನಷ್ಟವನ್ನು ಕಣ್ಣಿಗೆ ಹೊಡೆಯುವಂತೆ ತೋರಿಸಿತು. ರೋಲ್ಸ್ ರಾಯ್ಸಿನ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ ತಯಾರಿಸಲು ಒಪ್ಪಿಕೊಂಡಾಗ ಬ್ರಿಟಿಷ್ ಥ್ರೆಡ್ಡಿನ ಟ್ಯಾಪು ಡೈಗಳು ಅಮೆರಿಕದಲ್ಲಿ ದೊರೆಯದೆ ಪ್ಯಾಕರ್ಡಿನವರು ಅವನ್ನು ತಾವೇ ಮಾಡಿಕೊಳ್ಳಬೇಕಾಯಿತು. ಯುದ್ಧದ ತರುವಾಯ, ೧೯೪೮ರ ನವೆಂಬರ್ ೧೮ರಂದು, ವಾಷಿಂಗ್‌ಟನ್ನಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಕೂಡಿ ೬೦ ಡಿಗ್ರಿಯ ಯೂನಿಫೈಡ್ ಥ್ರೆಡ್ಡಿಗೆ ಒಪ್ಪಿ ಸಹಿ ಹಾಕಿದುವು. ೧೯೫೦ರ ದಶಕದಲ್ಲಿ ಇಂಗ್ಲಿಷ್ ಕಾರುಗಳು ಒಂದೊಂದಾಗಿ ಅದಕ್ಕೆ ಬದಲಾದುವು. ಒಂದೇಟಿಗೆ ಬದಲಾಗಿದ್ದರೆ ಸುಖವಿತ್ತು. ಕೆಲವು ಕಾಲ ಒಂದೇ ಕಾರಿನಲ್ಲಿ ಎಂಜಿನ್ನು ಹೊಸ ಮತದ್ದು, ಗೇರುಪೆಟ್ಟಿಗೆ ಹಳೆಯ ಮತದ್ದು!

ಹಳೆಯ ಟಿ.ಸಿ. ಒಂದನ್ನು ಬಿಚ್ಚಿ ನೆಲದ ಮೇಲೆ ಹರಡಿದರೆ ಈ ಚರಿತ್ರೆಯೆಲ್ಲ ಕಣ್ಣ ಮುಂದೆ ಬರುತ್ತದೆ. ಎಂಜಿನ್ನಿನಲ್ಲಿ ಹುಚ್ಚು ಮೆಟ್ರಿಕ್, ಚಾಸಿಯಲ್ಲಿ ಬಿ.ಎಸ್.ಎಫ್.; ಲೂಕಸ್ ಕಂಪನಿಯ ವಿದ್ಯುತ್ ಸಲಕರಣೆಗಳಲ್ಲಿ ಬಿ.ಎ.; ಸ್ಪಾರ್ಕ್ ಪ್ಲಗ್ಗಿಗೆ ೧೪ ಮಿಲಿಮೀಟರಿನ ಥ್ರೆಡ್ಡು; ದೇಹದ ಮರದ ಚೌಕಟ್ಟಿನಲ್ಲಿ ಬಡಗಿಯ ತಿರುಪುಮೊಳೆಗಳು. ತಂತಿಚಕ್ರವನ್ನು ಹಿಡಿಯುವ ರೆಕ್ಕೆಯ ನಟ್ಟು ಕಾರಿನ ಎಡಗಡೆಗೆ ಬಲಸುತ್ತು, ಬಲಗಡೆಗೆ ಎಡಸುತ್ತು. ಅದು ರಜ್-ವಿಟ್ವರ್ತ್ ಕಂಪನಿಯ ಪದ್ಧತಿ. ಈ ವಿಟ್ವರ್ತಿಗೂ ನಮ್ಮ ಜೋಸೆಫನಿಗೂ ಸಂಬಂಧವಿಲ್ಲ, ಇದು ಸೈಕಲ್ ಮಾಡುತ್ತಿದ್ದವರ ಹೆಸರು. ಇವುಗಳ ನಡುವೆ ವಿಟ್ವರ್ತ್ ಮತ್ತು ಯೂನಿಫೈಡಿನ ಒರಟು ಥ್ರೆಡ್ಡುಗಳು ಅವಳಿಗಳಂತೆ ಮೋಸ ಮಾಡುತ್ತವೆ. ಕಾಲಂಗುಲಕ್ಕೆ ಎರಡರಲ್ಲೂ ಅಂಗುಲಕ್ಕೆ ೨೦ ಏಣು. ೩/೮ಕ್ಕೆ ಎರಡರಲ್ಲೂ ೧೬. ಒಂದರ ನಟ್ಟು ಇನ್ನೊಂದಕ್ಕೆ ಹೋಗಿಯೇ ಹೋಗುತ್ತದೆ. ೫೫ಕ್ಕೂ ೬೦ಕ್ಕೂ ಇರುವ ಕೋನಭೇದದಿಂದ ಏಣಿನ ಮೈಯೆಲ್ಲ ತಾಗುವ ಬದಲು ಒಂದು ಅಂಚು ಮಾತ್ರ ತಾಗಿರುತ್ತದೆಂಬುದು ಹೊರಗೆ ಕಾಣುವುದಿಲ್ಲ.

ಇಂಥ ಗೊಂದಲದಲ್ಲಿ ಸರಿಯಾದ ಬೋಲ್ಟನ್ನು ಗುರುತಿಸುವುದು ಹೇಗೆ? ತಲೆಯನ್ನು ಓದಬೇಕು. ಹಳೆಯ ಇಂಗ್ಲಿಷ್ ಬೋಲ್ಟಿನ ತಲೆಯ ಮೇಲೆ ಅದನ್ನು ಮಾಡಿದವರ ಹೆಸರೋ ಗುರುತೋ ಉಬ್ಬಕ್ಷರದಲ್ಲಿರುವುದುಂಟು. ಜೊತೆಗೆ ಒಂದೇ ಒಂದು ಅಕ್ಷರ. ‘ಆರ್’ ಎಂದಿದ್ದರೆ ಚದರಂಗುಲಕ್ಕೆ ೪೫ ಟನ್ನು ಎಳೆತವನ್ನು ತಾಳುವ ಉಕ್ಕು; ‘ಟಿ’ ಎಂದಿದ್ದರೆ ೫೫ ಟನ್ನು. ತಲೆಯ ಮೇಲೋ ಪಕ್ಕೆಯಲ್ಲೋ ಒಂದಕ್ಕೊಂದು ತಾಗಿದ ಮೂರು ಸಣ್ಣ ವೃತ್ತಗಳಿದ್ದರೆ ಅದು ಯೂನಿಫೈಡ್. ೧೯೪೭ರ ಕಾರಿನಲ್ಲಿ ಅದು ಕಂಡರೆ ಆಮೇಲೆ ಯಾರೋ ಹಾಕಿದ್ದೆಂದು ತೀರ್ಮಾನಿಸಬಹುದು. ೮.೮ ಎಂಬ ಅಂಕಿಯಿದ್ದರಂತೂ ಮಾತೇ ಬೇಡ. ಅದು ನಮ್ಮ ಕಾಲದ್ದು. ತಲೆಯ ಗಾತ್ರವೂ ತಾರೀಖು ಹೇಳುತ್ತದೆ. ಯುದ್ಧಕಾಲದಲ್ಲಿ ಉಕ್ಕನ್ನು ಉಳಿಸುವುದಕ್ಕಾಗಿ ವಿಟ್ವರ್ತ್ ಬೋಲ್ಟಿನ ತಲೆಯನ್ನು ಒಂದು ಅಳತೆ ಕಿರಿದು ಮಾಡಿದರು. ದೊಡ್ಡ ತಲೆಯದು ಸಾಮಾನ್ಯವಾಗಿ ಯುದ್ಧಪೂರ್ವದ್ದು. ತಿರುಪುಮೊಳೆಯ ನೆತ್ತಿಯ ಮೇಲೆ ಒಂದೇ ಸೀಳಿದ್ದರೆ ಸರಿ. ಕೂಡುಗೆರೆಯ ಫಿಲಿಪ್ಸ್ ತಲೆ ೧೯೩೬ರಲ್ಲಿ ಅಮೆರಿಕದ ಕ್ಯಾಡಿಲಾಕಿನಲ್ಲಿ ಬಂತು. ಕೂಡುಗೆರೆಯ ನಡುವೆ ಮತ್ತೂ ನಾಲ್ಕು ಸಣ್ಣ ಗೆರೆಗಳಿರುವ ಪೋಜಿಡ್ರೈವ್ ಬಂದುದು ೧೯೬೦ರ ದಶಕದಲ್ಲಿ. ಯುದ್ಧಾನಂತರದ ಇಂಗ್ಲಿಷ್ ಕಾರಿನ ಮರದ ಬಾಗಿಲಿನಲ್ಲಿ ಇದನ್ನು ಕಂಡರೆ ಕುಮಾರವ್ಯಾಸನ ಕೈಯಲ್ಲಿ ಫೌಂಟನ್ ಪೆನ್ನು ಕಂಡಂತೆ.

ಬಣ್ಣವೂ ಮುಖ್ಯ. ಆ ಕಾಲದ ಬೋಲ್ಟುಗಳು ಕೆಲವು ಕಪ್ಪು, ಕೆಲವು ಕ್ಯಾಡ್ಮಿಯಂ ಲೇಪದ ಮಬ್ಬು ಬೆಳ್ಳಿ. ಕ್ಯಾಡ್ಮಿಯಂ ವಿಷವಸ್ತು, ಅದನ್ನು ಕಾಯಿಸಿದರೆ ಏಳುವ ಹೊಗೆ ಪ್ರಾಣಾಪಾಯಕರ. ಆದುದರಿಂದ ಇಂದು ಸತುವಿನ ಲೇಪದಿಂದ ಹೆಚ್ಚುಕಡಿಮೆ ಅದೇ ಛಾಯೆಯನ್ನು ಬರಿಸಿಕೊಳ್ಳುತ್ತಾರೆ. ಇದನ್ನು ನಾನು ತಪ್ಪೆನ್ನಲಾರೆ. ಆದರೆ ಲೇಪದ ತೊಟ್ಟಿಯಲ್ಲಿ ಇನ್ನೊಂದು ಗಂಡಾಂತರವಿದೆ. ಗಟ್ಟಿ ಉಕ್ಕಿನ ಬೋಲ್ಟನ್ನು ಆಮ್ಲದಲ್ಲಿ ತೊಳೆದು ವಿದ್ಯುತ್ತಿನಿಂದ ಲೇಪ ಕೊಡುವಾಗ ಜಲಜನಕ ಉಕ್ಕಿನೊಳಗೆ ಹೊಕ್ಕು ಕೂಡುತ್ತದೆ. ಲೇಪವಾದ ಕೂಡಲೆ ಸುಮಾರು ೨೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕೆಲವು ಗಂಟೆ ಬೇಯಿಸಿ ಅದನ್ನು ಹೊರಗಟ್ಟದಿದ್ದರೆ, ಥಳಥಳಿಸುವ ಬೋಲ್ಟು ಬಿಗಿದ ಮರುದಿನವೋ ಮರುವಾರವೋ ಯಾರೂ ಮುಟ್ಟದಿರುವಾಗ ಗಾಜಿನಂತೆ ಮುರಿಯಬಹುದು. ಬಾಗಿಲಿನ ಹಿಡಿಯಲ್ಲಾದರೆ ನಷ್ಟವಿಲ್ಲ. ಚುಕ್ಕಾಣಿಯ ತೋಳಿನಲ್ಲಿ ಆದರೆ?

ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನ ಮೋಹವೂ ಇದೇ ಜಾತಿಯದು. ಎಷ್ಟೋ ಮಂದಿ ಹಳೆಯ ಕಾರಿಗೆ ಅಡಿಯಿಂದ ಮುಡಿಯವರೆಗೆ ಸ್ಟೇನ್‌ಲೆಸ್ ಬೋಲ್ಟುಗಳನ್ನು ತೊಡಿಸಿ, ಮದುವೆ ಮನೆಯ ಪಾತ್ರೆಗಳಂತೆ ಹೊಳೆಯಿಸಿ ಸಂತೋಷಪಡುತ್ತಾರೆ. ಅಂಗಡಿಯಲ್ಲಿ ಸಿಕ್ಕುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು, ಎ೨-೭೦ ಎಂಬುದು, ತಾಳುವ ಎಳೆತ ಹಳೆಯ ಲೆಕ್ಕದಲ್ಲಿ ಸುಮಾರು ೪೫ ಟನ್ನು. ಎಂದರೆ ‘ಆರ್’ ಇದ್ದ ಕಡೆಗೆ ಅದು ಸಾಕು. ‘ಟಿ’ ಇದ್ದ ಕಡೆಗೆ ಸಾಲದು. ಆ ಒಂದು ಅಕ್ಷರವನ್ನು ಓದದೆ ಬೋಲ್ಟನ್ನು ಬಿಸುಟವರು ಏನನ್ನು ಬಿಸುಟರೆಂಬುದು ಅವರಿಗೆ ತಿಳಿದಿರುವುದಿಲ್ಲ.

ಸರಿಯಾದುದನ್ನು ಹುಡುಕುವ ದಾರಿಗಳು ಹಲವು. ಇಂಗ್ಲೆಂಡಿನ ಬ್ಯೂಲಿಯಲ್ಲಿ ೧೯೬೭ರಲ್ಲಿ ಆರಂಭವಾದ ಹಳೆಯ ಬಿಡಿಭಾಗಗಳ ಜಾತ್ರೆಯಲ್ಲಿ ಇಂಥ ಸರಕನ್ನು ಹರಡಿಕೊಂಡು ಕೂರುತ್ತಾರೆ. ಅದನ್ನು ಕೆದಕುವುದಕ್ಕೆಂದೇ ದೇಶದೇಶಗಳಿಂದ ಜನ ಬರುತ್ತಾರೆ. ನಮ್ಮಲ್ಲಿ ಬೆಂಗಳೂರಿನ ಶಿವಾಜಿನಗರದ ಗುಜರಿ, ಮದರಾಸಿನ ಪುದುಪೇಟೆ, ಮುಂಬಯಿಯ ಚೋರ್ ಬಜಾರ್ ಇವೆ. ಹುಚ್ಚು ಮೆಟ್ರಿಕ್ಕಿನ ೮ಕ್ಕೆ ೧ರ ಥ್ರೆಡ್ಡು ಇಂದೂ ನಯವಾದ ಅಳತೆಯಾಗಿ ಮಾನ್ಯವಾಗಿರುವುದರಿಂದ ಕೇಳಿದರೆ ಬೋಲ್ಟು ಸಿಕ್ಕೀತು. ಆದರೆ ತಲೆ ವಿಟ್ವರ್ತಿನದಾಗಿರುವುದಿಲ್ಲ. ಕಡೆಗೆ ಉಳಿಯುವುದು ಲೇತು. ಒಳ್ಳೆಯ ಉಕ್ಕಿನ ಕಂಬಿಯಿಂದ ಬೋಲ್ಟನ್ನು ಕಡೆದುಕೊಳ್ಳಬಹುದು. ರೂಪ ಬರುತ್ತದೆ, ಗುಣ ಪೂರ್ತಿ ಬರುವುದಿಲ್ಲ. ಕಾರ್ಖಾನೆಯಲ್ಲಿ ಥ್ರೆಡ್ಡನ್ನು ಒತ್ತಿ ಉರುಳಿಸಿ ಮೂಡಿಸಿರುತ್ತಾರೆ. ಉಕ್ಕಿನ ಎಳೆಗಳು ತುಂಡಾಗದೆ ಏಣಿನೊಡನೆ ಬಾಗಿರುತ್ತವೆ. ಲೇತಿನ ಉಳಿ ಅವನ್ನು ಕತ್ತರಿಸಿಬಿಡುತ್ತದೆ. ಮುಚ್ಚಳ ಹಿಡಿಯುವುದಕ್ಕೆ ಅಡ್ಡಿಯಿಲ್ಲ. ಪಿಸ್ಟನ್ನಿನ ಕನೆಕ್ಟಿಂಗ್ ರಾಡಿಗೆ ಮಾತ್ರ ಖಂಡಿತ ಕೂಡದು.

ನಮ್ಮ ದೇಶದ ಪರಿಸ್ಥಿತಿಯಲ್ಲಿ ಇನ್ನೊಂದು ವಿಶೇಷ ಉಂಟು. ಹಿಂದುಸ್ಥಾನ್ ಟೆನ್‌ನೊಡನೆ ಕವೆಂಟ್ರಿಯ ಥ್ರೆಡ್ಡು ಬಂಗಾಳದ ಉತ್ತರಪಾಡಾಕ್ಕೆ ಬಂತು. ೧೯೫೮ರಿಂದ ಭಾರತ ಮೆಟ್ರಿಕ್ ಪದ್ಧತಿಯನ್ನು ಜಾರಿಗೆ ತಂದಿತು. ಆದರೂ ಅಂಬಾಸಡರಿನ ಬಿ.ಎಂ.ಸಿ. ಎಂಜಿನ್ನು ಅಂಗುಲದ ಯೂನಿಫೈಡ್ ಥ್ರೆಡ್ಡನ್ನೇ ಹಿಡಿದು ನಡೆಯಿತು. ೧೯೯೦ರ ದಶಕದಲ್ಲಿ ಅದೇ ಕಾರಿಗೆ ಇಸುಜು ಎಂಜಿನ್ನು ಬಂದಾಗ ಮಿಲಿಮೀಟರಿನ ಬೋಲ್ಟುಗಳು ಜೊತೆಗೂಡಿದುವು. ೨೦೧೪ರಲ್ಲಿ ಅಂಬಾಸಡರಿನ ತಯಾರಿಕೆ ನಿಂತಿತು. ಅದರ ರಿಪೇರಿಗಾರರ ಪೆಟ್ಟಿಗೆಯಲ್ಲಿ ಎರಡು ಕುಲದ ಸ್ಪ್ಯಾನರುಗಳೂ ಸೇರಿಕೊಂಡಿರುವುದು ಈ ಕಾರಣದಿಂದ. ಹಾಗಿರುವಾಗ ಮೂರನೆಯ ಕುಲವೊಂದು ಇದ್ದೀತೆಂದು ಆ ಚುರುಕು ಹುಡುಗ ಊಹಿಸದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಾವು ಅಂದೇ ಸಂಜೆ ಗುಜರಿಯವನಲ್ಲಿಗೆ ಓಡಿದೆವು. ಬುಟ್ಟಿಯ ಸರಕು ಆಗಲೇ ದೊಡ್ಡ ರಾಶಿಗೆ ಸೇರಿತ್ತು. ಸ್ನೇಹಿತರು ಪಂಚೆಯನ್ನು ಎತ್ತಿ ಕಟ್ಟಿ ರಾಶಿಯ ಮುಂದೆ ಕುಳಿತರು. ಹುಡುಗ ತಪ್ಪಿತಸ್ಥನಂತೆ ಟಾರ್ಚು ಹಿಡಿದ. ಉಳಿದಿದ್ದ ಒಂದು ಬೋಲ್ಟೇ ಮಾದರಿ. ಅದನ್ನು ಪಕ್ಕಕ್ಕಿಟ್ಟು, ಏಣಿನೊಳಗೆ ಏಣು ಕೂರಿಸಿ ಬೆಳಕಿಗೆ ಹಿಡಿದು ನೋಡುವುದು. ನಡುವೆ ಬೆಳಕು ಇಣುಕಿದರೆ ಬೇರೆಯ ಕುಲ. ರಾತ್ರಿ ಒಂಬತ್ತರವರೆಗೆ ಹುಡುಕಿ ಹದಿನೇಳು ಬೋಲ್ಟುಗಳನ್ನು ಹೆಕ್ಕಿದೆವು. ಗುಜರಿಯವನು ತೂಕ ಮಾಡಿ, ತಾನು ಕೊಟ್ಟಿದ್ದರ ನಾಲ್ಕರಷ್ಟು ಬೆಲೆ ಕೇಳಿದ. ಸ್ನೇಹಿತರು ಚೌಕಾಸಿ ಮಾಡಲಿಲ್ಲ. ಮಿಕ್ಕವಕ್ಕೆ ೮ಕ್ಕೆ ೧ರ ಬೋಲ್ಟು ತರಿಸಿ, ತಲೆ ಮಾತ್ರ ಒಂದು ಲೇತಿನ ಅಂಗಡಿಯಲ್ಲಿ ದೊಡ್ಡದಾಗಿ ಮಾಡಿಸಿದ ಕೆಲವನ್ನು ಕಣ್ಣಿಗೆ ಬೀಳದ ಕಡೆ ಹಾಕಿದರು.

ಆದರೆ ತೊಡಕು ಅಷ್ಟಕ್ಕೆ ಮುಗಿದಿರಲಿಲ್ಲ. ಮುಚ್ಚಳದ ಎಡಗಡೆಯ ಒಂದು ರಂಧ್ರ ಯಾವ ೮ ಮಿಲಿಮೀಟರಿನ ಬೋಲ್ಟನ್ನೂ ಹಿಡಿಯಲಿಲ್ಲ. ಎಲ್ಲವೂ ಅದರಲ್ಲಿ ಲೊಳಲೊಳನೆ ಆಡಿದುವು. ದೀಪ ಹಿಡಿದು ನೋಡಿದಾಗ ತಿಳಿಯಿತು. ಬಹಳ ಹಿಂದೆ ಯಾರೋ ಆ ರಂಧ್ರದ ಥ್ರೆಡ್ಡು ಕಿತ್ತುಹೋಗಿದ್ದುದನ್ನು ಕಂಡು ಅದನ್ನು ೩/೮ ಅಂಗುಲಕ್ಕೆ ಕೊರೆದು ಬಿ.ಎಸ್.ಎಫ್. ಟ್ಯಾಪು ಹಾಕಿದ್ದರು. ಹದಿನೇಳರಲ್ಲಿ ಸೇರದೆ ಒಂಟಿಯಾಗಿ ಸಿಕ್ಕಿದ್ದ ದಪ್ಪ ಬೋಲ್ಟೊಂದನ್ನು ನಾವು ಬೇರೆ ಕಾರಿನದೆಂದು ಪಕ್ಕಕ್ಕೆಸೆದಿದ್ದೆವು. ಅದನ್ನು ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಒಳಹೋಯಿತು. ಅದರ ತಲೆಯ ಆರು ಮುಖಗಳನ್ನೂ ಅರದಿಂದ ಉಜ್ಜಿ ಕಾಲಂಗುಲ ವಿಟ್ವರ್ತ್ ಸ್ಪ್ಯಾನರಿಗೆ ಹೊಂದುವಂತೆ ಮಾಡಿದ್ದರು. ಒಂದು ಮುಖದಲ್ಲಿಯೂ ಅರ ಓರೆಯಾಗಿರಲಿಲ್ಲ.

ಸ್ನೇಹಿತರಿಗೆ ಆಗ ನೆನಪಾಯಿತು. ಅವರ 
ತಂದೆಯವರು ಊರಿನ ಒಬ್ಬ ಮೇಸ್ತ್ರಿಯ ಕೈಗಲ್ಲದೆ ಬೇರೆಯವರ ಕೈಗೆ ಕಾರನ್ನು ಕೊಡುತ್ತಿರಲಿಲ್ಲವಂತೆ. ಪರದೇಶದ ಸಾಮಾನಿಗೆ ಲೈಸೆನ್ಸು ಬೇಕಾಗಿದ್ದ ದಿನಗಳು ಅವು. ಇಂಗ್ಲೆಂಡಿನಿಂದ ಒಂದು ಬೋಲ್ಟನ್ನು ತರಿಸುವುದೆಂದರೆ ಕನಸಿನ ಮಾತು. ಕವೆಂಟ್ರಿಯ ಕಥೆ ಆ ಮೇಸ್ತ್ರಿಗೆ ಗೊತ್ತಿತ್ತೋ ಇಲ್ಲವೋ. ಆದರೆ ಒಂದೇ ಸ್ಪ್ಯಾನರಿನಲ್ಲಿ ಮುಚ್ಚಳದ ಎಲ್ಲ ಬೋಲ್ಟುಗಳೂ ಬಿಚ್ಚಬೇಕೆಂಬ ಹಟ ಅವನಿಗಿತ್ತು. ಫ್ರೆಂಚರ ಕಾರ್ಖಾನೆಯವರು ಇಂಗ್ಲಿಷ್ ರಿಪೇರಿಗಾರನಿಗಾಗಿ ಮಾಡಿದ ಉಪಾಯವನ್ನೇ ಅವನು ಮೈಸೂರಿನಲ್ಲಿ ಅರವೊಂದರಿಂದ ಮಾಡಿದ್ದ.

ಈಗ ಏನು ಮಾಡಬೇಕೆಂಬ ಚರ್ಚೆ ಎರಡು ದಿನ ನಡೆಯಿತು. ರಂಧ್ರಕ್ಕೆ ಉಕ್ಕಿನ ಸುರುಳಿಯ ಒಳತೋಳು ಕೂರಿಸಿ ಮತ್ತೆ ೮ ಮಿಲಿಮೀಟರಿಗೆ ತರಬಹುದು, ಕೆಲಸ ಕಷ್ಟವಲ್ಲ. ಹಳೆಯ ಕಾರುಗಳ ಸ್ಪರ್ಧೆಗೆ ಒಯ್ದರೆ ತೀರ್ಪುಗಾರರು ಬೋಲ್ಟಿನ ತಲೆಗಳನ್ನು ಎಣಿಸಿ ಅಂಕ ಕಳೆಯುವುದುಂಟು. ತಿರುಪುಮೊಳೆಯ ಸೀಳುಗಳೆಲ್ಲ ಒಂದೇ ದಿಕ್ಕಿಗೆ ನಿಂತಿವೆಯೆ ಎಂದು ನೋಡುವವರನ್ನೂ ನಾನು ಬಲ್ಲೆ; ಕಾರ್ಖಾನೆಯಲ್ಲಿ ಯಾವ ಕೆಲಸಗಾರನಿಗೂ ಅಷ್ಟು ಪುರುಸೊತ್ತಿದ್ದಿರಲಾರದು. ನಾನು ಸುರುಳಿಯನ್ನು ಕೂರಿಸಿರೆಂದೇ ವಾದಿಸಿದೆ. ಅಷ್ಟು ದೂರ ಕುಲಗೋತ್ರ ಹುಡುಕಿದ ಮೇಲೆ ಒಂದರಲ್ಲಿ ಮಾತ್ರ ರಾಜಿಯೇಕೆ ಎಂದು ನನ್ನ ಪ್ರಶ್ನೆ.

ಸ್ನೇಹಿತರು ಉತ್ತರ ಕೊಡಲಿಲ್ಲ. ಮರುದಿನ ನಾನು ಹೋಗುವ ಹೊತ್ತಿಗೆ ಮುಚ್ಚಳ ಕುಳಿತಿತ್ತು; ಎಡಗಡೆಯ ರಂಧ್ರದಲ್ಲಿ ಮೇಸ್ತ್ರಿಯ ಬೋಲ್ಟೇ ಇತ್ತು. ಹುಡುಗ ಕಾಲಂಗುಲದ ಸ್ಪ್ಯಾನರು ಹಿಡಿದು ಬಲದಿಂದ ಎಡಕ್ಕೆ ಒಂದೊಂದನ್ನೇ ಬಿಗಿಯುತ್ತಾ ಬಂದು, ಅದರ ಮೇಲೂ ಅದೇ ಸ್ಪ್ಯಾನರನ್ನು ಇಟ್ಟ. ಬೆಂಚಿನ ಮೇಲೆ ಹಾರ್ಲಿಕ್ಸಿನ ಹಳೆಯ ಬಾಟಲಿಗಳು ಸಾಲಾಗಿ ನಿಂತಿದ್ದುವು. ಒಂದೊಂದಕ್ಕೂ ಚೀಟಿ ಅಂಟಿಸಿ, ಯಾವ ಭಾಗದ ಬೋಲ್ಟು ಎಂದು ಅವನ ಸೊಟ್ಟ ಅಕ್ಷರದಲ್ಲಿ ಬರೆದಿತ್ತು.